ಸಮನ್ವಿತಾ ಬಯಸಿದ ಬೇಸಿಗೆ

ಆ ವರ್ಷ ಫೆಬ್ರವರಿ ಕಳೆಯುವ ಮೊದಲೇ ಬೆಂಗಳೂರಿನವರೆಲ್ಲ ಸೆಕೆ ಸೆಕೆ ಎಂದು ಗೋಳಾಡುತ್ತಿದ್ದರೆ, ಬನಶಂಕರಿಯ ಸಮನ್ವಿತಾ ಮಾತ್ರ ಬೆಳಿಗ್ಗೆ ಎದ್ದು ಬಾಲ್ಕನಿಗೆ ಬಂದು, ಮೋಡವಿಲ್ಲದ ಆಕಾಶ ನೋಡಿ, “ಇನ್ನೂ ಉರೀಲಿ” ಎನ್ನುತ್ತಿದ್ದಳು. “ಗಿಡ ಎಲ್ಲ ಒಣಗ್ತಿದೆ, ನಿಂಗೆ ಖುಷಿನಾ?” ಎಂದು ಅವಳಮ್ಮ ಜಯಾ ಕೇಳಿದರೆ, “ಒಣಗ್ಲಿ ಬಿಡಮ್ಮ” ಎಂದು ಒಳಗೆ ಹೋಗುತ್ತಿದ್ದಳು. ಅವಳಿಗೇನೂ ತಲೆ ಕೆಟ್ಟಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಅಷ್ಟೇ. ಚಿಕ್ಕಂದಿನಿಂದಲೂ ಅವಳು ಮರೆಯುವವರ ಪೈಕಿಯಲ್ಲ. ಮೂರನೇ ಕ್ಲಾಸಿನಲ್ಲಿ ಪೆನ್ಸಿಲ್ ಕದ್ದವಳು ಮನೆಗೆ ಬಂದು ಮದುವೆಗೆ ಕರೆದರೂ ಹೋಗಿರಲಿಲ್ಲ.

ಈ ಸಲದ ಉರಿಗೆ ಕಾರಣ ನಚಿಕೇತ. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿ, ಜೆ.ಪಿ. ನಗರದಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು ಕಂಪನಿ ಶುರುಮಾಡಿದ್ದರು. ಅವರು ಮಾಡಿ ಮಾರುತ್ತಿದ್ದದ್ದು ಜೋಡಿ ಡಬ್ಬಿ: ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಒಂದು, ಕೆಳಗೆ ನೆಲದ ಸಂಪಿನಿಂದ ನೀರೆತ್ತುವ ಮೋಟರಿನ ಪಕ್ಕ ಇನ್ನೊಂದು. ಟ್ಯಾಂಕು ಖಾಲಿ ಎಂದು ಮೇಲಿನದು ತಂತಿಯಿಲ್ಲದೆ ಹೇಳಿದರೆ ಕೆಳಗಿನದು ಮೋಟರು ಹಾಕುತ್ತದೆ. ಮೇಲಿನದಕ್ಕೆ ಬ್ಯಾಟರಿಯೇ ಗತಿ, ರೇಡಿಯೊ ಸದಾ ಎಚ್ಚರವಿದ್ದರೆ ಅದನ್ನು ತಿಂದು ತೇಗುತ್ತದೆ. ಹಾಗಾಗಿ ಎರಡೂ ನಿದ್ದೆ ಮಾಡಿ, ಗೊತ್ತುಮಾಡಿಕೊಂಡ ಗಳಿಗೆಗೆ ಒಟ್ಟಿಗೆ ಎದ್ದು, ಒಂದು ಮಾತಾಡಿ, ಮತ್ತೆ ಮಲಗಬೇಕು. ಆದರೆ ಡಬ್ಬಿಯೊಳಗಿನ ಪುಟಾಣಿ ಗಡಿಯಾರ ಬಿಸಿಲಿಗೆ ನಿಧಾನವಾಗುತ್ತದೆ. ತಾರಸಿಯ ಡಬ್ಬಿ ಕಣ್ಣುಬಿಡುವಷ್ಟರಲ್ಲಿ ಕೆಳಗಿನದು ಮಾತು ಮುಗಿಸಿ ಮಲಗಿರುತ್ತದೆ. ಯಾರೂ ಇಲ್ಲವಲ್ಲ ಎಂದು ಇದು ಹುಡುಕುತ್ತ ಎದ್ದೇ ಕೂತು, ಬ್ಯಾಟರಿ ಮುಗಿಸಿಕೊಂಡು ಸಾಯುತ್ತದೆ. ಬಿಸಿ ಎಷ್ಟಿದೆಯೆಂದು ಅಳೆದು ಅದಕ್ಕೆ ತಕ್ಕಂತೆ ಗಡಿಯಾರವನ್ನು ತಿದ್ದುವ ಉಪಾಯ ಸಮನ್ವಿತಾಳದು. ಎರಡು ಬೇಸಿಗೆ ತಾರಸಿಗಳ ಮೇಲೆ ಕೂತು, ಮುಖ ಕರಿಕಲು ಮಾಡಿಕೊಂಡು ಕಂಡುಹಿಡಿದದ್ದು.

ಅದಕ್ಕೆ ಬಹುಮಾನ ಬಂದಾಗ ವೇದಿಕೆ ಹತ್ತಿದವನು ನಚಿಕೇತ. “ನನಗೆ ಹೊಳೆದದ್ದು” ಎಂದ. ಸಮನ್ವಿತಾ ಮುಂದಿನ ಸಾಲಿನಲ್ಲೇ ಕೂತಿದ್ದಳು. ಆಮೇಲೆ ಕೇಳಿದರೆ, “ಟೀಮ್ ವರ್ಕ್ ಕಣೇ, ಇಷ್ಟಕ್ಕೆಲ್ಲ ಯಾಕೆ ಸೀನ್ ಮಾಡ್ತೀಯಾ” ಎಂದ. ಜಗಳ ಹತ್ತಿ ಅವಳು ಹೊರಬಿದ್ದಳು. ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ಅವಳಿಲ್ಲದೆಯೂ ನಡೆಯುತ್ತದೆಂದು ತೋರಿಸಲು ಗಡಿಯಾರ ತಿದ್ದುವ ಆ ಭಾಗವನ್ನೇ ಕಿತ್ತುಹಾಕಿ, ಎ.ಸಿ. ರೂಮಿನಲ್ಲಿ ಪರೀಕ್ಷೆ ಮಾಡಿ, ಚಳಿಗಾಲದಲ್ಲಿ ಗೊಟ್ಟಿಗೆರೆ, ಅಂಜನಾಪುರದ ಮನೆಮನೆಗೆ ಹೊಸ ಡಬ್ಬಿ ಹಾಕಿಸಿದ. ‘ಇನ್ನು ಸ್ವಿಚ್ಚೇ ಬೇಡ’ ಎಂದು ಜಾಹೀರಾತು ಕೊಟ್ಟು ಹಳೆಯ ಸ್ವಿಚ್ಚುಗಳನ್ನೂ ಕೀಳಿಸಿದ. ಸುದ್ದಿ ಕೇಳಿ ಸಮನ್ವಿತಾ ಅಳಲಿಲ್ಲ. ಬರಲಿ ಬೇಸಿಗೆ ಎಂದುಕೊಂಡಳು. ಅವಳಿಗೆ ಬೇಕಾಗಿದ್ದು ಇಷ್ಟೇ: ಆ ಕೆಲಸ ಸಮನ್ವಿತಾಳದು ಎಂಬ ಮಾತು ಅವನ ಬಾಯಿಂದಲೇ, ಹತ್ತು ಜನರೆದುರು ಬರಬೇಕು.

ಸಂಕ್ರಾಂತಿಯ ಹೊತ್ತಿಗೆ ಗೊಟ್ಟಿಗೆರೆಯ ಮುನಿಲಕ್ಷ್ಮಮ್ಮ ಫೋನು ಮಾಡಿದಳು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಅಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟ ಮುದುಕಿ. ಸಮನ್ವಿತಾ ಮೊದಲ ಡಬ್ಬಿ ಇಟ್ಟು ನೋಡಿದ್ದು ಅವಳ ತಾರಸಿಯಲ್ಲೇ. ಬಿಸಿಲಲ್ಲಿ ಕೂತವಳಿಗೆ ದಿನಾ ಮಜ್ಜಿಗೆ ತಂದುಕೊಟ್ಟು, ತಲೆ ಮೇಲೆ ಬಟ್ಟೆ ಹಾಕ್ಕೊ ಎಂದು ಬೈಯುತ್ತಿದ್ದಳು.

“ಹಳೇ ಡಬ್ಬಿ ತಗೊಂಡೋಗಿ ಹೊಸದು ಮಡಗವ್ರೆ ಕಣವ್ವ. ಇದು ಚೆನ್ನಾಗೈತಾ?”

ನಿಜ ಸಮನ್ವಿತಾಳ ನಾಲಿಗೆಯ ತುದಿಗೇ ಬಂತು. ಹೇಳಿದರೆ ನಚಿಕೇತನ ಕಿವಿಗೆ ಬಿದ್ದು, ಅವನು ಸದ್ದಿಲ್ಲದೆ ಸರಿಮಾಡಿಕೊಂಡುಬಿಡುತ್ತಾನೆ. “ಚೆನ್ನಾಗಿದೆ ಅಜ್ಜಿ” ಎಂದಳು.

ಮಾರ್ಚಿನಲ್ಲಿ, ಕರಿ ಟ್ಯಾಂಕುಗಳಿಗೆ ಅಂಟಿಕೊಂಡು ಕುದಿಯುತ್ತಿದ್ದ ಡಬ್ಬಿಗಳು ಒಂದೊಂದಾಗಿ ಸತ್ತವು. ಮೇಲಿನಿಂದ ಮಾತು ಬಾರದೆ ಮೋಟರುಗಳು ಸುಮ್ಮನಾದವು. ಕೈಯಿಂದ ಹಾಕೋಣವೆಂದರೆ ಸ್ವಿಚ್ಚಿಲ್ಲ. ನಚಿಕೇತ ಕೆಲಸದವರನ್ನು ಕಳಿಸಿ ಬ್ಯಾಟರಿ ಬದಲಿಸಿದ, ಅವೂ ತಾಳಲಿಲ್ಲ. ಮನೆಯವರ ಬೈಗುಳ ತಿಂದು ಕೆಲಸದವರೂ ಕೈಕೊಟ್ಟರು. ಕೊನೆಗೆ ಸಮನ್ವಿತಾಳಿಗೇ ಫೋನು ಮಾಡಿದ.

“ಸಮು, ಹಳೇದೆಲ್ಲ ಬಿಡು. ಒಂದ್ಸಲ ಬಂದು ನೋಡ್ತೀಯಾ?”

“ಗೊಟ್ಟಿಗೆರೆಗೆ ಬರ್ತೀನಿ. ನಿನ್ ಕಸ್ಟಮರ್‌ಗಳನ್ನೆಲ್ಲ ಅಲ್ಲಿಗೇ ಕರಿ. ಅದು ಯಾರ ಕೆಲಸ ಅಂತ ಅವರ ಮುಂದೆ ಹೇಳು. ಆಮೇಲೆ ನೋಡ್ತೀನಿ.”

“ಫೋನಲ್ಲೇ ಹೇಳ್ತೀನಲ್ಲೇ.”

“ಅವತ್ತು ವೇದಿಕೆ ಮೇಲೆ ಫೋನಲ್ಲಿ ಹೇಳಿದ್ಯಾ?”

ಭಾನುವಾರ ಮುನಿಲಕ್ಷ್ಮಮ್ಮನ ಅಂಗಳದಲ್ಲಿ ಮನೆ ಮಾಲೀಕರೆಲ್ಲ ಸೇರಿದರು. ನಚಿಕೇತ ನೆಲ ನೋಡುತ್ತ, “ಬಿಸಿಲಿಗೆ ತಕ್ಕಂತೆ ಗಡಿಯಾರ ತಿದ್ದೋ ಐಡಿಯಾ ನನ್ನದಲ್ಲ, ಸಮನ್ವಿತಾದು. ಹೊಸ ಡಬ್ಬಿಯಿಂದ ಅದನ್ನ ತೆಗೆಸಿದ್ದು ಮಾತ್ರ ನಾನು” ಎಂದ. “ಹಿಂದಿನವರಿಗೆ ಕೇಳಿಸ್ತಿಲ್ಲ” ಎಂದಳು ಸಮನ್ವಿತಾ. ಅವನು ಇನ್ನೊಮ್ಮೆ ಹೇಳಿದ. ಆಹಾ, ಎಷ್ಟು ತಿಂಗಳ ಉರಿ ಒಂದೇ ಏಟಿಗೆ ಆರಿತು.

“ಇನ್ನಾದ್ರೂ ಪ್ರೋಗ್ರಾಮ್ ಸರಿಮಾಡಿ ಆಫೀಸಿಂದ್ಲೇ ಎಲ್ಲ ಡಬ್ಬಿಗೂ ಕಳಿಸೋಣ್ವಾ?” ಎಂದ ಅವನು.

“ನಿದ್ದೆಯ ಲೆಕ್ಕ ತಪ್ಪಿರೋ ಡಬ್ಬಿಗೆ ನೀನು ಕೂಗಿದ್ದು ಕೇಳಿಸಲ್ಲ. ಒಂದೊಂದು ತಾರಸಿಗೂ ಹೋಗಿ ಕೈಯಾರೆ ಎಬ್ಬಿಸ್ಬೇಕು. ನಡಿ, ಮೇಲೆ ಹತ್ತು.”

ಅಷ್ಟರಲ್ಲಿ ಜಗಲಿಯ ಮೇಲೆ ಕೂತಿದ್ದ ಮುನಿಲಕ್ಷ್ಮಮ್ಮ ಬಾಯಿಬಿಟ್ಟಳು. “ಬಿಸ್ಲು ಬಂದ್ರೆ ಇದು ಕೆಡ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?”

ಗೆದ್ದ ಅಮಲಿನಲ್ಲಿದ್ದ ಸಮನ್ವಿತಾ, “ಗೊತ್ತಿತ್ತು ಅಜ್ಜಿ, ಹಾಕ್ದಾಗ್ಲೇ ಗೊತ್ತಿತ್ತು” ಎಂದುಬಿಟ್ಟಳು.

“ಸಂಕ್ರಾಂತೀಲಿ ಕೇಳ್ದಾಗ ಚೆನ್ನಾಗಿದೆ ಅಂದ್ಯಲ್ಲ.”

ಮುದುಕಿ ಸೀರೆಯ ಮೇಲಿಂದಲೇ ತನ್ನ ಮಂಡಿ ಮುಟ್ಟಿ ತೋರಿಸಿದಳು.

“ಬಾಡಿಗೆಯವ್ರು ಖಾಲಿ ಮಾಡ್ಕೊಂಡು ಹೋಗ್ಬಾರ್ದು ಅಂತ ಈ ನೋಯೋ ಮಂಡಿ ಮಡಿಕ್ಕೊಂಡು ದಿನಾ ನೀರು ಹೊರ್ತಾ ಇವ್ನಿ. ಅವನ ಮೇಲಿನ ಸಿಟ್ಟಿಗೆ ನನ್ ಮಂಡಿನೇ ಸಿಕ್ತಾ ನಿಂಗೆ?”

ಮುದುಕಿ ದನಿ ಏರಿಸಲಿಲ್ಲ. ಗೋಡೆ ಹಿಡಿದು ಎದ್ದು, ಒಳಗಿನಿಂದ ಎರಡು ಬಿಂದಿಗೆ ತಂದು ಸಂಪಿನ ಪಕ್ಕ ಇಟ್ಟಳು. “ಡಬ್ಬಿ ಆಮ್ಯಾಕೆ ನೋಡೀರಂತೆ. ಮೊದ್ಲು ಟ್ಯಾಂಕು ತುಂಬ್ಸಿ. ಇಬ್ರೂವೆ.”

ಸೇರಿದವರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಸಮನ್ವಿತಾ ಬಿಂದಿಗೆ ತುಂಬಿಸಿ ಸೊಂಟಕ್ಕೇರಿಸಿದಳು. ಮೊದಲ ಮಹಡಿಗೇ ಉಸಿರು ಕಟ್ಟಿತು, ಬಟ್ಟೆ ತೊಯ್ದುಹೋಯಿತು. ಮುದುಕಿ ಕೊಟ್ಟ ಮಜ್ಜಿಗೆ ನೆನಪಾಗಿ, ನಾಚಿಕೆಯಿಂದ ಕಣ್ಣು ತುಂಬಿ ಬಂತು. ಆದರೂ ತನ್ನದು ಪ್ಲಾಸ್ಟಿಕ್ಕಿನದು, ಮುಂದೆ ಏದುಸಿರು ಬಿಡುತ್ತ ಮೆಟ್ಟಿಲೇರುತ್ತಿದ್ದ ನಚಿಕೇತನದು ಹಿತ್ತಾಳೆಯದು ಎಂಬುದನ್ನು ಅವಳು ಗಮನಿಸದೆ ಇರಲಿಲ್ಲ.