ಡೋರ್ಕಸಮ್ಮ ಹೇಳಿದ ಒಂದು ಸುಳ್ಳು

ನಮ್ಮ ಹಳ್ಳಿ ಆಲ್ಡರ್‌ಫೋರ್ಡ್‌ನಲ್ಲಿ ಆಗೆಲ್ಲ ಹಂದಿಗಳನ್ನು ಕಾಡಿಗೆ ಬಿಟ್ಟು ಮೇಯಿಸುತ್ತಿದ್ದರು. ಓಕ್ ಕಾಯಿ ತಿಂದು ಕೊಬ್ಬಿದ ಮೇಲೆ, ಹಿಮ ಬೀಳುವ ಮುಂಚೆ ಹಿಡಿದು ತರುವುದು. ಗುರುತಿಗೆ ಒಂದೊಂದು ಮನೆಯವರು ಕಿವಿಗೆ ಒಂದೊಂದು ಬಗೆಯ ಕಚ್ಚು ಹಾಕುತ್ತಿದ್ದರು. ಆದರೂ ಪ್ರತಿ ವರ್ಷ ಜಗಳ ತಪ್ಪುತ್ತಿರಲಿಲ್ಲ. ಕಚ್ಚಾಡಿ ಕಿವಿಯೇ ಹರಿದಿದ್ದರೆ ಗುರುತೆಲ್ಲಿಂದ ಬರಬೇಕು? ಆಗ ಎರಡೂ ಕಡೆಯವರು ಹಂದಿಯನ್ನು ಎಳೆದುಕೊಂಡು ಡೋರ್ಕಸಮ್ಮನ ಅಂಗಳಕ್ಕೆ ಹೋಗುತ್ತಿದ್ದರು. ಆಕೆ ಹಾಲು ಒಡೆಸಿ ಊರಿಗೆಲ್ಲ ಗಿಣ್ಣು, ಅಂದರೆ ಚೀಸ್, ಮಾಡಿಕೊಡುತ್ತಿದ್ದ ಹೆಂಗಸು. ಒಡೆದ ಹಾಲು ಕದಡುವ ಕೈ ನಿಲ್ಲಿಸದೆ ಹಂದಿಯನ್ನೊಮ್ಮೆ ನೋಡಿ, ಇದು ಇಂಥವರದು ಎಂದು ಹೇಳಿಬಿಡುತ್ತಿದ್ದಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದಳು. ಸ್ವಂತ ತಮ್ಮನ ವಿರುದ್ಧವೂ ಒಮ್ಮೆ ತೀರ್ಪು ಹೇಳಿದ್ದುಂಟು.

ನಾನು ಬೆಳೆದದ್ದು ನನ್ನ ದೊಡ್ಡಪ್ಪ ಓಬೆಡ್‌ನ ಮನೆಯಲ್ಲಿ. ಒಂದು ವರ್ಷ ಅವನು ತನ್ನದೆಂದ ಹಂದಿ ಅವನದಲ್ಲ ಎಂದು ಡೋರ್ಕಸಮ್ಮ ಹೇಳಿದಳು. ಮನೆಗೆ ಬಂದವನು ಬೂಟು ಕಿತ್ತೆಸೆದು ಕೂತ.

"ಅವಳ ಬಾಯಲ್ಲಿ ಬಂದಿದ್ದೆಲ್ಲ ಬೈಬಲ್ಲಾ?"

"ಹಾಗಾದ್ರೆ ಹಂದಿ ನಂದೇ ಅಂತ ಬೈಬಲ್ ಮುಟ್ಟಿ ಹೇಳಿಬಿಡಿ, ಮುಗೀತಲ್ಲ" ಎಂದಳು ದೊಡ್ಡಮ್ಮ.

ದೊಡ್ಡಪ್ಪ ಎದ್ದು ಹೋಗಿ ಎಸೆದ ಬೂಟನ್ನು ಎತ್ತಿಟ್ಟ.

ಸಾವಿರದ ಆರುನೂರ ತೊಂಬತ್ತೆರಡರ ಬೇಸಿಗೆಯಲ್ಲಿ ಮಾಟದ ಸುದ್ದಿ ಕರಾವಳಿಯ ಊರುಗಳಿಂದ ನಮ್ಮಲ್ಲಿಗೂ ಬಂತು. ಮೊದಲು ಒಬ್ಬಳು ಹುಡುಗಿ ಮೈ ಸೆಟೆದು ಬಿದ್ದಳು. ವಾರದೊಳಗೆ ಐದು ಜನ ಹುಡುಗಿಯರು ಬಿದ್ದರು. ಐದನೆಯವಳು ನಾನು, ಕೆಜಿಯಾ. ಹದಿಮೂರು ವರ್ಷ. ನಾಟಕ ಆಡಿದೆಯಾ ಎಂದು ಎಷ್ಟೋ ಜನ ಆಮೇಲೆ ಕೇಳಿದ್ದಾರೆ. ಪಕ್ಕದವಳು ಕಿರುಚಿದಾಗ ನನ್ನ ಗಂಟಲೂ ತಾನಾಗಿ ಕಿರುಚುತ್ತಿತ್ತು. ಬೀಳುವಾಗ ಒಲೆಯಿಂದ ದೂರ ಬೀಳಬೇಕು ಎಂಬ ಎಚ್ಚರವೂ ಇರುತ್ತಿತ್ತು. ಇದಕ್ಕಿಂತ ನಿಜವಾದ ಉತ್ತರ ನನ್ನ ಹತ್ತಿರ ಇಲ್ಲ. ಮಾತಾಡಬೇಡ ಎಂದು ಗದರಿಸಿಕೊಂಡೇ ಬೆಳೆದವಳ ಬಾಯನ್ನೇ ನೋಡುತ್ತಾ ಊರ ಹಿರಿಯರೆಲ್ಲ ಕೂತಿರುತ್ತಿದ್ದರು. ಅದೂ ನಿಜ.

ಒಂದು ದಿನ ಪ್ರಾರ್ಥನಾ ಮಂದಿರಕ್ಕೆ ಏಳು ಹೆಂಗಸರನ್ನು ಕರೆಸಿದರು. ಪಾದ್ರಿಗಳು ಪ್ರಾರ್ಥನೆ ಮುಗಿಸಿದ ಮೇಲೆ ಆ ಹೆಂಗಸರ ಕಣ್ಣಿಗೆ ಬಟ್ಟೆ ಕಟ್ಟಿಸಿದರು. ನೆಲದಲ್ಲಿ ಒದ್ದಾಡುತ್ತಿದ್ದ ನಮ್ಮ ಮೈಮೇಲೆ ಒಬ್ಬೊಬ್ಬರ ಕೈಯನ್ನು ಹಿಡಿದು ಇಡಿಸಿದರು. ಯಾರು ಮುಟ್ಟಿದಾಗ ಹುಡುಗಿ ಶಾಂತವಾಗುತ್ತಾಳೋ ಅವಳೇ ಮಾಟಗಾತಿ, ತಾನು ಬಿಟ್ಟ ವಿಷ ತನಗೇ ವಾಪಸಾಯಿತು ಎಂದು ಲೆಕ್ಕ. ನನ್ನ ಹಣೆಯ ಮೇಲೆ ಒಂದು ಕೈ ಬಂತು. ಹುಳಿ ಹಾಲಿನ ವಾಸನೆ. ಕಣ್ಣು ತೆರೆಯದೆಯೇ ಯಾರೆಂದು ಗೊತ್ತಾಯಿತು. ಮಂದಿರವಿಡೀ ಉಸಿರು ಹಿಡಿದಿತ್ತು. ನಾನು ಒದ್ದಾಡುವುದನ್ನು ನಿಲ್ಲಿಸಿದೆ.

"ನೋಡಿದ್ರಾ?" ಎಂದ ದೊಡ್ಡಪ್ಪ.

ಅಂದೇ ಸಂಜೆ ಡೋರ್ಕಸಮ್ಮನನ್ನು ಸರಪಳಿ ಹಾಕಿ ಪಟ್ಟಣದ ಸೆರೆಮನೆಗೆ ಒಯ್ದರು.

ಸೆರೆಮನೆಯ ಸಂಗತಿಯನ್ನೆಲ್ಲ ಆಕೆ ವರ್ಷಗಳ ನಂತರ ನನಗೇ ಹೇಳಿದಳು. ಆಕೆ ಸೆರೆಯಲ್ಲಿದ್ದ ಹೊತ್ತಿಗೆ ಊರಿಗೆಲ್ಲ ಒಂದು ವಿಷಯ ಅರ್ಥವಾಗಿತ್ತು: ತಪ್ಪು ಒಪ್ಪಿಕೊಂಡವರನ್ನು ಉಳಿಸಿಕೊಳ್ಳುತ್ತಿದ್ದರು, ಇಲ್ಲ ಎಂದವರನ್ನು ನೇಣಿಗೆ ಹಾಕುತ್ತಿದ್ದರು. ಗಂಡ ಜೋಥಮ್ ದಿನಾ ಹೋಗಿ ಕಂಬಿ ಹಿಡಿದು ನಿಲ್ಲುತ್ತಿದ್ದ.

"ಒಪ್ಕೊಂಡುಬಿಡು ಡೋರ್ಕಸ್. ಮಕ್ಕಳ ಮುಖ ನೋಡು."

"ಮಾಡದೇ ಇರೋದನ್ನ ಹೆಂಗೆ ಒಪ್ಕೊಳ್ಳಲಿ?"

"ನಿನಗೇ ಗೊತ್ತಿಲ್ದಂಗೆ ಮಾಡಿರಬಹುದಲ್ಲ? ಇಷ್ಟು ಜನ ಹೇಳ್ತಾ ಇದಾರೆ, ಎಲ್ಲರೂ ಸುಳ್ಳು ಹೇಳ್ತಾರಾ?"

"ಇಪ್ಪತ್ತು ವರ್ಷ ನನ್ನ ಪಕ್ಕದಲ್ಲಿ ಮಲಗಿದವನು ನೀನು."

"ಅದಕ್ಕೇ ಹೇಳ್ತಿರೋದು. ನಿದ್ದೇಲಿ ನೀನು ಎಲ್ಲಿಗೆ ಹೋಗ್ತಿದ್ದೆ ಅಂತ ನನಗೇನು ಗೊತ್ತು?"

ನ್ಯಾಯಾಧೀಶರ ಬೆದರಿಕೆಗೆ ಬಗ್ಗದಿದ್ದವಳು ಈ ಮಾತಿಗೆ ಕುಸಿದಳು. ಒಂಬತ್ತನೆಯ ದಿನ ಒಪ್ಪಿಕೊಂಡಳು. ಕೋಲಿನ ಮೇಲೆ ಹಾರಿದ್ದು ಹೌದು, ಸೈತಾನ ಕೆರೆಯಲ್ಲಿ ತನ್ನನ್ನು ಮುಳುಗಿಸಿ ಎತ್ತಿ ತನ್ನವಳನ್ನಾಗಿ ಮಾಡಿಕೊಂಡದ್ದೂ ಹೌದು. ಅವರು ಕೇಳಿದ್ದಕ್ಕೆಲ್ಲ ಹೂಂ ಅಂದಳು. ಜೊತೆಯಲ್ಲಿ ಯಾರಿದ್ದರು ಎಂದರು. ಸತ್ತವರ ಹೆಸರು ಹೇಳಿದಳು. ಬದುಕಿರುವವರು ಬೇಕು ಎಂದರು. ಆಗ ಟ್ಯಾಮ್ಸಿನ್ ಎಂದಳು.

ಟ್ಯಾಮ್ಸಿನ್ ಆಕೆಯ ಬಾಲ್ಯದ ಗೆಳತಿ. ಒಬ್ಬರ ಹೆರಿಗೆಗೆ ಒಬ್ಬರು ಕೂತವರು. ಯಾರದೋ ದೂರಿನ ಮೇಲೆ ಅವಳೂ ಆಗಲೇ ಸೆರೆಯಲ್ಲಿದ್ದಳು. ಹೇಗೂ ಒಳಗಿದ್ದಾಳಲ್ಲ, ನನ್ನ ಒಂದು ಮಾತಿನಿಂದ ಹೆಚ್ಚೇನು ಆದೀತು ಎಂದುಕೊಂಡಳಂತೆ ಡೋರ್ಕಸಮ್ಮ. ಆದದ್ದೇ ಬೇರೆ. ಟ್ಯಾಮ್ಸಿನ್ ಮೇಲೆ ಅಲ್ಲಿಯವರೆಗೆ ಬಲವಾದ ಸಾಕ್ಷಿ ಇರಲಿಲ್ಲ. ಡೋರ್ಕಸ್ ಎಂದೂ ಸುಳ್ಳು ಹೇಳಿದವಳಲ್ಲ ಎಂದು ನಮ್ಮ ಊರಿನ ಆರು ಜನ ನ್ಯಾಯಸ್ಥಾನದಲ್ಲಿ ಎದ್ದು ನಿಂತು ಹೇಳಿದರು. ದೊಡ್ಡಪ್ಪನೂ ಹೇಳಿದ. ಟ್ಯಾಮ್ಸಿನ್ ಮಾತ್ರ ಕೊನೆಯವರೆಗೂ ಇಲ್ಲ ಎಂದಳು. ಸೆಪ್ಟೆಂಬರ್‌ನಲ್ಲಿ ಅವಳನ್ನು ನೇಣಿಗೆ ಹಾಕಿದರು. ಅಲ್ಲಿಯವರೆಗಿನ ಮೂರು ವಾರ ಗೆಳತಿಯರಿಬ್ಬರೂ ಒಂದೇ ಕೋಣೆಯಲ್ಲಿದ್ದರು.

ಅಕ್ಟೋಬರ್‌ನಲ್ಲಿ ಡೋರ್ಕಸಮ್ಮ ಪಾದ್ರಿಗಳನ್ನು ಕರೆಸಿಕೊಂಡಳು.

"ನಾನು ಹೇಳಿದ್ದೆಲ್ಲ ಸುಳ್ಳು. ಬರ್ಕೊಳ್ಳಿ."

"ಯೋಚನೆ ಮಾಡಿ ಮಾತಾಡಮ್ಮ. ಮಾತು ತಿರುಗಿಸಿದರೆ ಹಗ್ಗವೇ ಗತಿ."

"ಗೊತ್ತು. ಟ್ಯಾಮ್ಸಿನ್ ಹೋಗಿದ್ದನ್ನ ಕಿಟಕೀಲಿ ನೋಡಿದೀನಿ. ಬರ್ಕೊಳ್ಳಿ."

ಅವರು ಬರೆದುಕೊಂಡರು. ಹಗ್ಗ ಬರಲಿಲ್ಲ. ದೊಡ್ಡವರ ಮನೆಯ ಹೆಂಗಸರ ಹೆಸರೂ ಹುಡುಗಿಯರ ಬಾಯಲ್ಲಿ ಬರತೊಡಗಿದ್ದೇ ತಡ, ದೊಡ್ಡವರಿಗೆ ಬುದ್ಧಿ ಬಂತು. ನ್ಯಾಯಸ್ಥಾನ ಮುಚ್ಚಿತು. ಚಳಿಗಾಲವಿಡೀ ಕಲ್ಲು ನೆಲದ ಮೇಲೆ ಕಳೆದು, ಮೂರು ಹಲ್ಲು ಕಳೆದುಕೊಂಡು, ವಸಂತದಲ್ಲಿ ಡೋರ್ಕಸಮ್ಮ ಮನೆಗೆ ಬಂದಳು. ಆ ಹೊತ್ತಿಗೆ ನಾವು ಐವರೂ ಸೆಟೆಯುವುದನ್ನು ಬಿಟ್ಟಿದ್ದೆವು. ಯಾವ ಮದ್ದೂ ಬೇಕಾಗಲಿಲ್ಲ. ನೋಡುವವರು ಇಲ್ಲದಾದರು, ಅಷ್ಟೆ.

ಊರು ಎಲ್ಲವನ್ನೂ ಮರೆಯಲು ಸಿದ್ಧವಾಗಿತ್ತು. ಸೈತಾನ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದ ಎಂದು ಪಾದ್ರಿಗಳು ಭಾನುವಾರ ಬೋಧಿಸಿದರು. ಎಲ್ಲರೂ ತಲೆದೂಗಿದರು. ಡೋರ್ಕಸಮ್ಮ ಎದ್ದು ನಿಂತಳು.

"ಟ್ಯಾಮ್ಸಿನ್ ಹೆಸರು ಹೇಳಿದ್ದು ಸೈತಾನ ಅಲ್ಲ, ನಾನು. ಹೇಳು ಅಂದವರು ನೀವು."

ಮಾಟಗಾತಿ ಎಂದಾಗಲೂ ಆಕೆಯನ್ನು ಊರು ಅಷ್ಟು ದ್ವೇಷಿಸಿರಲಿಲ್ಲ. ಆ ವರ್ಷದ ಹಂದಿ ಜಗಳಕ್ಕೆ ಯಾರೂ ಆಕೆಯ ಅಂಗಳಕ್ಕೆ ಹೋಗಲಿಲ್ಲ. "ದೇವರ ಮುಂದೆ ಸುಳ್ಳು ಹೇಳಿದವಳು, ಹಂದಿ ವಿಷಯಕ್ಕೆ ನಿಜ ಹೇಳ್ತಾಳಾ?" ಎಂದ ದೊಡ್ಡಪ್ಪ. ಉಳಿದವರು ನಕ್ಕರು. ಗಿಣ್ಣು ಕೊಳ್ಳಲು ಪಕ್ಕದ ಊರಿಗೆ ಹೋಗತೊಡಗಿದರು. ಜೋಥಮ್ ಆಕೆಯ ಎದುರು ತಲೆ ಎತ್ತಿ ಮಾತಾಡಲಾಗದೆ ಕೊಟ್ಟಿಗೆಯಲ್ಲೇ ಹೆಚ್ಚು ಹೊತ್ತು ಕಳೆಯುತ್ತಿದ್ದ. ಆಕೆ ಅವನೊಡನೆ ಬಿರುಸಾಗಿ ಮಾತಾಡಿದ್ದನ್ನು ಯಾರೂ ಎಂದೂ ಕೇಳಿಲ್ಲ. ಅದು ಅವನಿಗೆ ಇನ್ನೂ ಕಷ್ಟವಾಗಿರಬೇಕು.

ನಾನು ಆಕೆಯ ಹೊಸ್ತಿಲು ತುಳಿಯಲು ಎಂಟು ವರ್ಷ ಬೇಕಾಯಿತು. ಆಗಲೇ ಮದುವೆಯಾಗಿ ಮೊದಲ ಮಗು ಹೊಟ್ಟೆಯಲ್ಲಿತ್ತು.

"ನನ್ನ ಕ್ಷಮಿಸಿ ಅಮ್ಮ" ಎಂದೆ.

ಆಕೆ ಗಿಣ್ಣಿನ ಮೇಲೆ ಕಲ್ಲಿಟ್ಟು ನೀರು ಬಸಿಯುತ್ತಿದ್ದಳು. "ನಿನಗೆ ಆಗ ಹದಿಮೂರು. ನನಗೆ ನಲವತ್ತೆರಡು" ಎಂದಳು. ಕಲ್ಲನ್ನು ಸರಿಸಿಟ್ಟು, "ನನ್ನ ಹತ್ರ ಏನು ಕೇಳ್ತೀಯ? ಟ್ಯಾಮ್ಸಿನ್ ಮಗಳ ಹತ್ರ ಹೋಗೋಣ ಬಾ. ನಾನು ಪ್ರತಿ ಸೆಪ್ಟೆಂಬರ್ ಹೋಗ್ತೀನಿ. ಅವಳು ಬಾಗಿಲು ತೆಗೆಯಲ್ಲ" ಎಂದಳು.

ಎರಡು ಗಂಟೆಯ ದಾರಿ. ಸೆರೆಮನೆಯ ಸಂಗತಿಯನ್ನು ಆಕೆ ಹೇಳಿದ್ದು ಆಗಲೇ. ಟ್ಯಾಮ್ಸಿನ್ ಮಗಳು ಅಬಿಯಾ ಅಂದು ಅಂಗಳದಲ್ಲೇ ಬಟ್ಟೆ ಒಣಹಾಕುತ್ತಿದ್ದಳು. ಓಡಿ ಒಳಗೆ ಹೋಗುವುದು ಅವಳಿಗೆ ನಾಚಿಕೆ ಅನಿಸಿರಬೇಕು. ನಿಂತಳು.

"ಒಂದು ಮಾತು ಕೇಳ್ತೀನಿ, ಹೇಳಿ ಹೋಗಿಬಿಡಿ. ಕೊನೇ ದಿನ ನಮ್ಮಮ್ಮ ನಿಮಗೆ ಏನಂದ್ಲು?"

ಒಂದು ಸುಳ್ಳು ಸಾಕಿತ್ತು. ಟ್ಯಾಮ್ಸಿನ್ ನನ್ನ ಕೈ ಹಿಡಿದು ಕ್ಷಮಿಸಿದಳು ಎಂದು ಆಕೆ ಅಂದಿದ್ದರೆ ಮೂವರಿಗೂ ಹಗುರಾಗುತ್ತಿತ್ತು. ಡೋರ್ಕಸಮ್ಮ ಹಾಗೆ ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಏನೂ ಅನ್ನಲಿಲ್ಲ" ಎಂದಳು ಡೋರ್ಕಸಮ್ಮ. "ಮೂರು ವಾರ ಗೋಡೆ ಕಡೆ ಮುಖ ಮಾಡಿ ಮಲಗಿದ್ಲು. ಹೋಗೋ ದಿನ ತನ್ನ ಕಂಬಳಿ ತೆಗೆದು ನನ್ನ ಮುಂದೇನೇ ಹಾದು, ಆಚೆ ಮೂಲೇಲಿದ್ದ ಮುದುಕಿಗೆ ಹೊದಿಸಿದ್ಲು. ನನ್ನ ತಿರುಗಿ ಕೂಡ ನೋಡಲಿಲ್ಲ."

ಅಬಿಯಾ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು. ಅದರಲ್ಲಿ ನೀರು ಉಳಿದಿರಲಿಲ್ಲ.

"ಹೌದು. ನಮ್ಮಮ್ಮ ಅಂದ್ರೆ ಹಾಗೇನೇ" ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕ್ಷಮಿಸಿದೆ ಎನ್ನಲಿಲ್ಲ. ನನ್ನ ಕಡೆಗಂತೂ ನೋಡಲೂ ಇಲ್ಲ.

ಆಮೇಲೆ ಒಂಬತ್ತು ವರ್ಷ ಡೋರ್ಕಸಮ್ಮ ಬದುಕಿದ್ದಳು. ಸೆಪ್ಟೆಂಬರ್‌ನಲ್ಲಿ ಹೋಗಿಬರುವುದನ್ನು ಬಿಡಲಿಲ್ಲ. ನನ್ನಿಂದಾದ ವರ್ಷ ನಾನೂ ಜೊತೆಗೆ ಹೋದೆ. ಕೊನೆಯ ವರ್ಷಗಳಲ್ಲಿ ಅಬಿಯಾ ಹೊಸ್ತಿಲ ಹೊರಗೆ ಎರಡು ಸ್ಟೂಲು ಇಟ್ಟಿರುತ್ತಿದ್ದಳು. ಕೂತು ದಣಿವಾರಿಸಿಕೊಂಡು ಬರುತ್ತಿದ್ದೆವು. ಒಳಗಿನಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು. ಅವಳು ಹೊರಗೆ ಬರುತ್ತಿರಲಿಲ್ಲ.

ಜ್ವರದಲ್ಲಿ ಮೂರು ದಿನ ಮಲಗಿ ಡೋರ್ಕಸಮ್ಮ ತೀರಿಕೊಂಡಳು. ಮಣ್ಣಿಗೆ ಬಂದವರು ಹನ್ನೊಂದು ಜನ. ದೊಡ್ಡಪ್ಪ ಬರಲಿಲ್ಲ. ಜೋಥಮ್ ಅಳುತ್ತಾ, ಅವಳು ಒಳ್ಳೆಯವಳು, ಒಳ್ಳೆಯವಳು ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಕೇಳಿಸಿಕೊಂಡವರು ಟೋಪಿ ಹಾಕಿಕೊಂಡು ಮನೆ ಕಡೆ ನಡೆದರು.