ಫಕೀರವ್ವನ ತೊಟ್ಟಿಲು

ಕರುವಿಗೆ ದೃಷ್ಟಿ ತಾಗಿರಲಿಲ್ಲ, ಹೋಳಿಗೆ ತಾಗಿತ್ತು. ಅದನ್ನು ಉಳಿಸಿದ್ದೂ ಇಟ್ಟ ಹೆಸರಲ್ಲ, ನನ್ನ ನಾದಿನಿಯ ಮೈಭಾರ. ನಡೆದದ್ದು ಇಷ್ಟೇ. ಮೊರಬದಲ್ಲಿ ಯಾರಾದರೂ ಬೇರೆ ಕಥೆ ಹೇಳಿದರೆ ಹೂಂ ಎನ್ನಿ, ನಂಬಬೇಡಿ.

ಈಗ ಇದು ಯಾಕೆ ನೆನಪಾಯಿತೆಂದರೆ, ಒಳಗೆ ಸೊಸೆ ಕಡಲೆಬೇಳೆ ಕುದಿಸಿ ಬೆಲ್ಲ ಹಾಕಿದ್ದಾಳೆ. ವಾಸನೆ ಕೊಟ್ಟಿಗೆಯವರೆಗೂ ಹೋಗಿದೆ. ಅಲ್ಲಿ ಕಟ್ಟಿದ ಕಡಸು ಕಿವಿ ನಿಮಿರಿಸಿ, ಮೂಗಿನ ಮೇಲೆ ನಾಲಿಗೆ ಆಡಿಸುತ್ತ ಅಡಿಗೆಮನೆಯ ಕಡೆಗೇ ನೋಡುತ್ತಿದೆ. ಕಳೆದ ವರ್ಷ ಇದೇ ಹೂರಣ ತಿಂದು ಸಾಯಲು ಬಿದ್ದದ್ದು ಅದಕ್ಕೆ ನೆನಪೇ ಇಲ್ಲ. ದನಕ್ಕೆ ಮನುಷ್ಯರಿಗಿಂತ ಬುದ್ಧಿ ಹೆಚ್ಚು ಎಂದು ಹೇಳುವವರು ದನ ಸಾಕಿದವರಲ್ಲ. ಮನುಷ್ಯರಿಗೆ ಬುದ್ಧಿ ಇದೆ ಎನ್ನುವವರು ನಮ್ಮ ಮನೆಯ ಮುದುಕನನ್ನು ನೋಡಿದವರಲ್ಲ.

ನಮ್ಮದು ಜರ್ಸಿ ಆಕಳು. ಹಾಲಿಗೆ ಒಳ್ಳೆಯದು, ಆದರೆ ಈದಾಗಲೆಲ್ಲ ಹೋರಿಗರುವನ್ನೇ ಹಾಕುತ್ತಿತ್ತು. ಹೊಲಕ್ಕೆಲ್ಲ ಟ್ರ್ಯಾಕ್ಟರ್ ಇಳಿಯುವ ಕಾಲದಲ್ಲಿ ಹೋರಿ ಕಟ್ಟಿಕೊಂಡು ಏನು ಮಾಡುವುದು? ಆಕಳಿಗೆ ವಯಸ್ಸಾಗಿತ್ತು, ಇನ್ನೊಂದು ಸೂಲು ಕಂಡರೆ ಅದೇ ಕಡೆಯದು. ಆಗ ನಮ್ಮ ಯಜಮಾನರು ದೇವರ ಮುಂದೆ ನಿಂತು, ಈ ಸಲ ಹೆಣ್ಣುಗರು ಹುಟ್ಟಿದರೆ ತೊಟ್ಟಿಲಿಗೆ ಹಾಕಿ ನಮ್ಮವ್ವನ ಹೆಸರಿಡುತ್ತೇನೆ ಎಂದು ಬೇಡಿಕೊಂಡರು. ನನ್ನ ಹೆಣ್ಣುಮಕ್ಕಳಿಗೆ ತೊಟ್ಟಿಲು ಮಾಡುವಾಗ ಈ ಮನುಷ್ಯ ಶೇಂಗಾ ಮಾರಲು ಸಂತೆಗೆ ಹೋಗಿದ್ದ.

ಹೆಣ್ಣೇ ಹುಟ್ಟಿತು. ಹುಟ್ಟಿದ ಕೂಡಲೇ ಮೂಗು ಬಾಯಿ ಒರೆಸಿ, ಅದು ಎದ್ದು ನಿಲ್ಲುವ ಹೊತ್ತಿಗೆ ಮೊದಲ ಹಾಲು ಅದರ ಹೊಟ್ಟೆಗೆ ಹೋಗುವ ಹಾಗೆ ಮಾಡಿದೆ. ಓಣಿಯವರು ಗಿಣ್ಣದ ಆಸೆಗೆ ಬಟ್ಟಲು ಹಿಡಿದುಕೊಂಡು ಬಂದರು. ಕರು ಕುಡಿದು ಉಳಿದರೆ ನೋಡೋಣ ಎಂದೆ. ಅಂದಿನಿಂದ ನನಗೆ ಜಿಪುಣಿ ಎಂಬ ಹೆಸರು ಬಂತು, ಬರಲಿ. ಕರು ಸಾಕುವುದು ದೊಡ್ಡ ವಿದ್ಯೆಯೇನಲ್ಲ. ದಿನಾ ಅದೇ ಹೊತ್ತಿಗೆ ಅಷ್ಟೇ ಹಾಲು, ಕೈಗೆ ಬೆಚ್ಚಗೆ ಹತ್ತುವಷ್ಟು ಬಿಸಿ, ಕೆಳಗೆ ಒಣಗಿದ ನೆಲ. ಮುದ್ದು ಬಂತೆಂದು ಒಂದು ಹೊತ್ತು ಹೆಚ್ಚಿಗೆ ಕುಡಿಸಿದರೆ ಮರುದಿನ ಉಚ್ಚಿಕೊಳ್ಳುತ್ತದೆ, ಅದನ್ನು ಬಳಿಯಲು ಮುದ್ದು ಮಾಡಿದವರು ಬರುವುದಿಲ್ಲ. ಮೇವು ಮೂಸತೊಡಗಿದ ಮೇಲೆ ಎಳೆಯ ಒಣಹುಲ್ಲು ಒಂದು ಹಿಡಿ ಇಟ್ಟೆ. ಮಣ್ಣು ನೆಕ್ಕುತ್ತಿತ್ತು, ಮೂತಿಗೆ ಹಗ್ಗದ ಕುಕ್ಕೆ ಕಟ್ಟಿದೆ. ಮೈ ಮಿರಿಮಿರಿ ಎನ್ನುತ್ತಿತ್ತು.

ತೊಟ್ಟಿಲು ಮಾತ್ರ ಮುಂದೆ ಮುಂದೆ ಹೋಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಯಜಮಾನರು ತಮ್ಮನ್ನು ಕರುವಿನ ತಂದೆ ಎಂದು ತಿಳಿದುಕೊಂಡಿದ್ದರಿಂದ ಅತ್ತೆಯ ಪಾಳಿ ಅವರ ತಂಗಿ ಚೆನ್ನವ್ವನಿಗೆ ಬಂತು. ಆಕೆ ಸಂಶಿಯಲ್ಲಿ ಇರುವವಳು, ನನ್ನ ನಾದಿನಿ, ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುವುದಿಲ್ಲ. ಒಮ್ಮೆ ಮೊಣಕಾಲು ನೋವು ಎಂದಳು, ಒಮ್ಮೆ ಮಗಳ ಬಾಣಂತನ ಎಂದಳು. ಆಕೆ ಬಸ್ಸಿನಿಂದ ಇಳಿಯುವ ಹೊತ್ತಿಗೆ ಕೂಸು ನನ್ನ ಸೊಂಟದವರೆಗೆ ಬೆಳೆದಿತ್ತು.

ತೊಟ್ಟಿಲಲ್ಲಿ ಅದು ಹಿಡಿಸುವುದೇ? ಮುಂಗಾಲು ಎರಡು ಇಟ್ಟು ನೋಡಿದರು, ತೊಟ್ಟಿಲೇ ಅದರ ಕೊರಳಿಗೆ ಬಂತು. ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವ ಪದ್ಧತಿ ನಮ್ಮಲ್ಲಿದೆ. ಕಡೆಗೆ ಆ ಕಲ್ಲನ್ನೇ ಅಲ್ಲಿ ಬಿಟ್ಟು ತೂಗಿದರು. ಜೋಗುಳ ಕಲ್ಲಿಗೆ, ಆರತಿ ಕರುವಿಗೆ. ಕಿವಿ ಹೊರಗೆ ಬರಲೆಂದು ಎರಡೂ ಕಡೆ ಕತ್ತರಿಸಿದ ಕುಲಾವಿ ತೊಟ್ಟು ಅದು ಕಂಬಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ನಾನು ಒಲೆಯ ಮುಂದಿದ್ದೆ. ಕುಕ್ಕೆ ಬಿಚ್ಚಬೇಡಿ ಎಂದು ಒಳಗಿನಿಂದಲೇ ಕೂಗಿ ಹೇಳಿದೆ.

"ತೊಟ್ಟಲದ ದಿನಾ ಕೂಸಿನ ಬಾಯಿ ಕಟ್ತಾರೇನ ಯಾರರ?" ಎಂದು ಯಜಮಾನರು ಬಿಚ್ಚಿಯೇ ಬಿಟ್ಟರು.

ಆರತಿ ಎತ್ತಿದವರೆಲ್ಲ ಅದರ ಬಾಯಿ ಸಿಹಿ ಮಾಡಿದರು. ಬಂದವರೆಲ್ಲ ಆರತಿ ಎತ್ತಿದರು. ನಾನು ಹೊರಗೆ ಬಂದಾಗ ಹೋಳಿಗೆಯ ಬುಟ್ಟಿ ತಳ ಕಂಡಿತ್ತು, ಕರುವಿನ ಎಡಪಕ್ಕೆ ಬಾರಿಸುವ ಹಲಗೆಯಂತೆ ಬಿಗಿದು ಉಬ್ಬಿತ್ತು. ಬಾಯಿ ತೆರೆದು ಏದುತ್ತಿತ್ತು, ಕಣ್ಣು ಹೊರಳುತ್ತಿದ್ದವು. ಎಷ್ಟು ತಿನ್ನಿಸಿದಿರಿ ಎಂದು ಕೇಳಿದೆ. ಪ್ರತಿಯೊಬ್ಬಳೂ ಒಂದೇ ಕೊಟ್ಟಿದ್ದಳು. ಅಷ್ಟರಲ್ಲಿ ಒಬ್ಬಳು ದೃಷ್ಟಿ ಎಂದಳು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಈಗ ಕರುವಿನ ಜೊತೆ ಎಲ್ಲರೂ ಏದತೊಡಗಿದೆವು.

ಯಜಮಾನರು ದನದ ಡಾಕ್ಟರಿಗೆ ಫೋನ್ ಹಚ್ಚಿದರು. ನವಲಗುಂದದಿಂದ ಹೊರಟೆ, ಏನು ತಿನ್ನಿಸಿದ್ದೀರಿ ಎಂದು ಅವರು ಕೇಳಿದರು.

"ಏನೂ ಇಲ್ರೀ ಸಾಹೇಬ್ರ, ಹಾಲು ಅಷ್ಟ."

ನಾನು ಫೋನ್ ಕಸಿದುಕೊಂಡೆ. "ಹೋಳಿಗಿ ತಿನಿಸ್ಯಾರ್ರೀ. ಮ್ಯಾಲೆ ತುಪ್ಪಾನೂ ಹಾಕ್ಯಾರ."

ಅದಕ್ಕೆ ಡಾಕ್ಟರು, ಮುಂಗಾಲು ಎತ್ತರದಲ್ಲಿಟ್ಟು ನಿಲ್ಲಿಸಿ, ಬಾಯಿಗೆ ಅಡ್ಡ ಕಡ್ಡಿ ಕಟ್ಟಿ, ಹೊಟ್ಟೆ ನೀವುತ್ತಿರಿ ಎಂದರು. ಕರುವಿನ ಮುಂಗಾಲನ್ನು ಕಟ್ಟೆಯ ಮೇಲೇರಿಸಿ, ಮೈಯನ್ನು ಗೋಡೆಗೆ ಆನಿಸಿ ನಿಲ್ಲಿಸಿದೆವು. ಬೇವಿನ ಕಡ್ಡಿ ಕಟ್ಟಿದೆ. ನೀವಿದೆ. ಗಾಳಿ ಹೊರಗೆ ಬರಲಿಲ್ಲ. ಅದರ ಕಾಲು ಸೋಲುತ್ತಿದ್ದವು.

ಚೆನ್ನವ್ವ ಗೋಳಾಡಿಕೊಂಡು ಬಂದಳು. "ನಮ್ಮವ್ವ ಸಾಯಾಕತ್ತಾಳ, ನೀ ಕಡ್ಡಿ ಕಟಗೊಂತ ಕುಂತೀಯಲ್ಲ ವೈನಿ! ಹೆಸರಿಲ್ಲದ ಹೋಗಬಾರದು, ಸರಿ ಅತ್ತಾಗ."

ಸರಿದೆ. ಎದುರು ನಿಲ್ಲುವಷ್ಟು ಜಾಗ ಆಕೆ ಬಿಡುವುದಿಲ್ಲ. ಕರುವಿನ ಕಿವಿಗೆ ಬಾಯಿ ಇಟ್ಟು ಕುರ್ರ್ ಎಂದು, ಫಕೀರವ್ವ ಎಂದು ಹೆಸರು ಹೇಳಿದಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಸುತ್ತ ನಿಂತ ಹೆಂಗಸರು ಗುದ್ದಬೇಕು. ಅದು ನಮ್ಮ ಕಡೆಯ ರಿವಾಜು. ಸಾವು ಎದುರಿಗೆ ನಿಂತಿರಲಿ, ಗುದ್ದುವ ಅವಕಾಶವನ್ನು ಯಾರು ಬಿಡುತ್ತಾರೆ? ಎಲ್ಲರೂ ಒಟ್ಟಿಗೆ ಗುದ್ದಿದರು. ಚೆನ್ನವ್ವ ಮುಗ್ಗರಿಸಿ ಇಡೀ ಮೈಯಿಂದ ಕರುವಿನ ಹೊಟ್ಟೆಯ ಮೇಲೆ ಬಿದ್ದಳು. ಹಿಂದೆ ಗೋಡೆ, ಮುಂದೆ ಚೆನ್ನವ್ವ.

ಕರು ತೇಗಿತು. ಅಂಥ ತೇಗನ್ನು ಮದುವೆಮನೆಯ ಗಂಡಸರಿಂದಲೂ ನಾನು ಕೇಳಿಲ್ಲ. ಅಂಗಳದ ತುಂಬ ಏಲಕ್ಕಿ ಹಾಕಿದ ಹೂರಣದ ವಾಸನೆ ಹರಡಿತು. ಇನ್ನೊಮ್ಮೆ ತೇಗಿತು. ಪಕ್ಕೆ ಸ್ವಲ್ಪ ಸ್ವಲ್ಪ ಇಳಿಯಿತು.

ಡಾಕ್ಟರು ಬಂದು ಔಷಧ ಹಾಕಿ, ನನ್ನ ಮುಖ ನೋಡಿ ಹೇಳಿದರು: "ಅಜ್ಜಿ, ಬೆಚ್ಚನ ಹಾಲು ಅಷ್ಟ, ಅದೂ ಸ್ವಲ್ಪ ಸ್ವಲ್ಪ. ಬ್ಯಾರೆ ಏನರ ಬಾಯಾಗ ಹೋಗಿ ಮತ್ತ ಉಬ್ಬಿತಂದ್ರ ನಾ ಬಂದೂ ಉಪಯೋಗಿಲ್ಲ."

ಅವರ ಗಾಡಿ ಓಣಿ ದಾಟುವ ಮೊದಲೇ ಫಕೀರವ್ವನ ಹೆಸರಿನ ಮಹಿಮೆ ಊರು ದಾಟಿತು. ಕಿವಿಯಲ್ಲಿ ಹೆಸರು ಬಿದ್ದ ಕೂಡಲೇ ಕರು ಎದ್ದಿತಂತೆ. ಯಜಮಾನರು ಮೀಸೆ ತಿರುವುತ್ತ ಎಲ್ಲರಿಗೂ ನಮ್ಮವ್ವನ ಸತ್ಯ ಅದು ಎಂದರು. ಬದುಕಿರುವ ತನಕ ನನಗೆ ಕುಂತು ಉಣ್ಣಲು ಬಿಡದ ನಮ್ಮ ಅತ್ತೆ, ಸತ್ತ ಮೇಲೆ ಕರು ಉಳಿಸಿದರಂತೆ. ಇರಬಹುದು. ಚೆನ್ನವ್ವ ಆ ಮೈಯನ್ನು ತಾಯಿಯಿಂದಲೇ ತಂದಿದ್ದಾಳೆ.

ಮರುದಿನ ಬೆಳಿಗ್ಗೆ ಯಜಮಾನರು ಡೇರಿಗೆ ಹಾಲು ಹಾಕಲು ಹೋಗಿದ್ದರು. ನಾನು ಬಾಗಿಲು ತೆರೆದರೆ ಓಣಿಯ ಹೆಂಗಸರೆಲ್ಲ ತಾಟು ಹಿಡಿದು ನಿಂತಿದ್ದಾರೆ. ಬಾಳೆಹಣ್ಣು, ಬುಂದಿ ಲಾಡು, ಒಬ್ಬಳ ಕೈಯಲ್ಲಿ ಮತ್ತೆ ಹೋಳಿಗೆ. ಸತ್ಯವುಳ್ಳ ಕರುವಿಗೆ ಒಂದು ತುತ್ತು ತಿನ್ನಿಸಿ ಹೋಗುತ್ತಾರಂತೆ. ಡಾಕ್ಟರು ಹೇಳಿದ್ದನ್ನು ಹೇಳಿದೆ, ಬೇಡಿಕೊಂಡೆ, ಬೈದೆ.

"ಒಂದ ತುತ್ತಿಗೆ ಏನಾಗತೈತಿ ಬೇ?" ಎನ್ನುತ್ತ ಹೋಳಿಗೆಯವಳು ಹೊಸ್ತಿಲಿಗೆ ಕಾಲಿಟ್ಟಳು.

"ಕರು ಸತ್ತೈತಿ," ಎಂದೆ.

ತಾಟುಗಳೆಲ್ಲ ಕೆಳಗಿಳಿದವು. ತಲೆಯ ಮೇಲೆ ಸೆರಗು ಎಳೆದುಕೊಂಡು ಅಂಗಳದಲ್ಲೇ ಕುಳಿತರು. ಒಬ್ಬಳು ಫಕೀರವ್ವನ ಗುಣ ಎತ್ತಿ ಹಾಡಿಕೊಂಡು ಅಳತೊಡಗಿದಳು, ಉಳಿದವರು ದನಿಗೂಡಿಸಿದರು. ಬೆನ್ನಿಗೆ ಅರಿಶಿನ ಮೆತ್ತಿಕೊಂಡು ಒಳಗೆ ಮಲಗಿದ್ದ ಚೆನ್ನವ್ವ ಎದ್ದು ಬಂದು, ಯಾರು ಏನು ಎಂದು ಕೇಳದೆ ಅವರ ನಡುವೆ ಕುಳಿತು ಎಲ್ಲರಿಗಿಂತ ಜೋರಾಗಿ ಅತ್ತಳು. ಡೇರಿಯಿಂದ ಬಂದ ಯಜಮಾನರು ಖಾಲಿ ಕ್ಯಾನನ್ನು ಕಟ್ಟೆಯ ಮೇಲಿಟ್ಟು, ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ನಾನು ಕೊಟ್ಟಿಗೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿದೆ. ಬೆಚ್ಚಗಿನ ಹಾಲಿನಲ್ಲಿ ಬೆರಳು ಅದ್ದಿ ಕರುವಿನ ಬಾಯಿಗೆ ಇಟ್ಟೆ. ಮೊದಲು ಮುಖ ತಿರುಗಿಸಿತು. ಮತ್ತೆ ಇಟ್ಟೆ. ಆಮೇಲೆ ಬೆರಳು ಚೀಪಿತು, ಮೂತಿಯನ್ನು ಪಾತ್ರೆಗೆ ಇಳಿಸಿತು. ಹೊರಗೆ ಅಳುತ್ತಿದ್ದರು, ಒಳಗೆ ಅದು ಕುಡಿಯುತ್ತಿತ್ತು. ಕುಡಿದು ಮುಗಿಯುವ ತನಕ ನಾನು ಬಾಗಿಲು ತೆರೆಯಲಿಲ್ಲ.