ಇಂಜಿನ್ನಿನ ಉಸಿರು ಬಲ್ಲ ಮಿಸ್ತ್ರಿ

ಮಿಸ್ತ್ರಿಯವರ ಬಲಗೈಯ ನಡುಬೆರಳಿಗೆ ಉಗುರಿರಲಿಲ್ಲ. ಆ ಕೈಯನ್ನು ಇಂಜಿನ್ನಿನ ಗಾಳಿ ಪೈಪಿನ ಮುಂದೆ ಹಿಡಿದು, ಕೂಸಿನ ಜ್ವರ ನೋಡುವವರಂತೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಮ್ಮ ಇಂಜಿನ್ನಿನ ರಿಪೇರಿಗೆ ಸವಣೂರಿನಿಂದ ಬಸ್ಸಿನಲ್ಲಿ ಹಾನಗಲ್ಲಿಗೆ ಬರುವರು. ಚಹಾ ಕೊಟ್ಟರೆ, "ಮೊದ್ಲ ಇದು ಉಸಿರಾಡ್ಲಿ, ಆಮ್ಯಾಲೆ ನಾ ಕುಡೀತೇನಿ" ಎಂದು ಇಂಜಿನ್ನು ತೋರಿಸುವರು.

ನಮ್ಮದು ಹಿಟ್ಟಿನ ಗಿರಣಿ, ಹಳೆಯ ಟೂ-ಸ್ಟ್ರೋಕ್ ಡೀಸೆಲ್ ಇಂಜಿನ್ನು. ಮಾವ ತೀರಿಕೊಂಡ ಮೇಲೆ ಅದನ್ನು ನಾನೇ ನಡೆಸುತ್ತೇನೆ ಎಂದೆ. ನಾಲ್ಕನೇ ಇಯತ್ತೆ ಓದಿದ ಸೊಸೆಗೆ ಅತ್ತೆ ಕೊಟ್ಟದ್ದು ಒಂದೇ ತಿಂಗಳು. ಅಷ್ಟರಲ್ಲಿ ಇಂಜಿನ್ನು ಕೆಟ್ಟರೆ ನಾನು ಒಲೆಯ ಮುಂದೆ, ಗಿರಣಿ ಬೇರೆಯವರ ಕೈಗೆ. ಆಯುಧ ಪೂಜೆಯ ಖಂಡೇನವಮಿ ಬಂತು. ಇಂಜಿನ್ನಿಗೆ ಉಡಿ ತುಂಬಿ, ಕುತ್ತಿಗೆಯಂತೆ ಕಂಡ ಗಾಳಿ ಪೈಪಿನ ಬಾಯಿಗೇ ಹೊಸ ಖಣದ ಬಟ್ಟೆ ಬಿಗಿದು ಕಟ್ಟಿದೆ. ಮರುದಿನ ಚಾಲು ಮಾಡಿದರೆ ಬರೀ ಕರಿ ಹೊಗೆ! ಬೀಸುವ ಕಲ್ಲು ತಿರುಗಲೊಲ್ಲದು.

"ನಾ ಹೇಳಿದ್ದಿಲ್ಲಾ?" ಎಂದರು ಅತ್ತೆ.

ಮಿಸ್ತ್ರಿ ಬಂದು ಖಣ ಬಿಚ್ಚಿ ನನ್ನ ಕೈಗಿಟ್ಟರು. "ತಂಗೀ, ಇದನ್ನ ಮೂಗಿಗೆ ಕಟ್ಕೊಂಡು, ಜ್ವಾಳದ ಚೀಲ ಹೊತ್ಕೊಂಡು ಓಡು ನೋಡೂಣು!"

ಅಳು ಬರುವಾಗಲೂ ನಕ್ಕುಬಿಟ್ಟೆ.

"ಒಳಗ ಹೋಗೂ ಗಾಳಿ, ಸುಟ್ಟ ಹೊಗೀನ್ನ ಹೊರಗ ದಬ್ಬಬೇಕು. ಗಾಳಿ ಕಮ್ಮಿ ಆದ್ರ ಹೊಗಿ ಅಲ್ಲೇ ಕುಂದರ್ತೈತಿ, ಎಣ್ಣಿ ಪೂರಾ ಸುಡೂದಿಲ್ಲ. ಜೋರು ಎಲ್ಲಿಂದ ಬರಬೇಕು?" ಎಂದು ಅತ್ತೆಯ ಕಡೆ ತಿರುಗಿದರು. "ಅವ್ವಾರ, ತಪ್ಪು ಈಕಿದಲ್ರಿ, ಹೇಳಿಕೊಡದ ನಂದು. ಈ ಪೈಪೂ ಉದ್ದ ಐತಿ, ಸೊಟ್ಟ ಐತಿ. ಹೊಸಾದು ಈಕಿ ಕೈಲೇ ಹಾಕಸ್ತೇನಿ."

ಹಿಟ್ಟು ಹಾರದ ಕಡೆಯ ಗೋಡೆ ಕೊರೆದು, ಗಿಡ್ಡನೆಯ ಅಗಲ ಪೈಪನ್ನು ನನ್ನಿಂದಲೇ ಕೂಡಿಸಿದರು. ಇಂಜಿನ್ನು ಗುಡುಗಿತು, ಹೊಗೆ ತಿಳಿಯಾಯಿತು. ಅತ್ತೆ ಜೋಳದ ಬುಟ್ಟಿ ತಂದು ನನ್ನ ಮುಂದಿಟ್ಟರು. ಆಮೇಲೆ ಇಷ್ಟು ವರ್ಷ ನಾನೇ ಬೀಸಿದೆ!

ಆ ಇಂಜಿನ್ನಿನ ಸಪ್ಪಳದಲ್ಲೇ ಬೆಳೆದ ಮೊಮ್ಮಗಳು ಈಗ ಇಂಜಿನಿಯರಿಂಗ್ ಓದುತ್ತಾಳೆ, ನನ್ನ ಬಂಗಾರ! ಇಂಥ ಇಂಜಿನ್ನಿಗೆ ಯಾವ ಪೈಪು ಹಾಕಿದರೆ ಎಷ್ಟು ಬಲ ಎಂದು ಅಳೆದು, ಕಾಲೇಜಿಗೆ ಒಪ್ಪಿಸಲು ಪುಸ್ತಕವನ್ನೇ ಬರೆದಿದ್ದಾಳೆ. ಅದಕ್ಕೂ ಮೊದಲು ಅವಳನ್ನು ಸವಣೂರಿಗೆ ಕರೆದೊಯ್ದಿದ್ದೆ. ಹಾಸಿಗೆ ಹಿಡಿದಿದ್ದ ಮಿಸ್ತ್ರಿ ಅವಳು ಬರೆದ ಪೈಪಿನ ನಕಾಶೆಯನ್ನು ಎದೆಯ ಮೇಲಿಟ್ಟುಕೊಂಡು ನೋಡಿದರು.

"ಪೈಪಿನ ಅಂಚು ಹರಿತ ಆತವ್ವಾ. ಕಹಳಿ ಬಾಯಿ ಹಂಗ ಹೊರಗ ಬಗ್ಗಸು. ಗಾಳಿ ತಾನ ಜಾರಿ ಒಳಗ ಹೋಗ್ತೈತಿ."

ಎಂಟು ದಿನಕ್ಕೆ ಅವರು ಹೋಗಿಬಿಟ್ಟರು. ಮೊಮ್ಮಗಳು ಅಂಚು ಬಗ್ಗಿಸಿದಳು. ಇಂಜಿನ್ನು ಇನ್ನೂ ಜೋರಾಗಿ ಎಳೆಯಿತಂತೆ!

ನಿನ್ನೆ ಪುಸ್ತಕ ತಂದು ಮೊದಲ ಹಾಳೆ ತೆರೆದಳು. "ನನಗ ಕಲಿಸಿದವ್ರ ಹೆಸರು ಬರದೇನಿ. ನೀನ ಓದ್ ಆಯಿ."

ಅಕ್ಷರ ಕೂಡಿಸುತ್ತ ಮಿಸ್ತ್ರಿಯವರ ಹೆಸರು ಓದಿದೆ. ಅದರ ಕೆಳಗೆ ಬರೆದಿದ್ದ ನನ್ನ ಹೆಸರಿಗೆ ಬರುವಷ್ಟರಲ್ಲಿ ಅಕ್ಷರಗಳೆಲ್ಲ ಕಲಸಿಹೋದವು.